ಹೊಸದುರ್ಗದ ಮಾಜಿ ಶಾಸಕ ಗೂಳಿಹಟ್ಟಿ ಡಿ. ಶೇಖರ್: ರಾಜಕೀಯ ಬದುಕು ಮತ್ತು ಚುನಾವಣಾ ಇತಿಹಾಸ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ಕ್ಷೇತ್ರವನ್ನು ಎರಡು ಬಾರಿ ಪ್ರತಿನಿಧಿಸಿದ ಗೂಳಿಹಟ್ಟಿ ಡಿ. ಶೇಖರ್ ಅವರ ಹೆಸರು ಕರಾವಳಿಯ ಕ್ರೈಸ್ತ ಬಾಂಧವರಲ್ಲಿ ಹೆಚ್ಚಿನವರ ಕಿವಿಗೆ ಬಿದ್ದದ್ದು 2021ರ ಸೆಪ್ಟೆಂಬರ್‌ನಲ್ಲಿ. ವಿಧಾನಸಭೆಯಲ್ಲಿ ಅವರು ತಮ್ಮ ತಾಯಿಯೇ ಮತಾಂತರಗೊಂಡಿದ್ದಾರೆ ಎಂದು ಹೇಳಿದ ಮಾತು ಮರುದಿನ ಎಲ್ಲ ಪತ್ರಿಕೆಗಳಲ್ಲೂ ಬಂತು. ಮೂರು ತಿಂಗಳಲ್ಲಿ ಮತಾಂತರ ನಿಷೇಧ ವಿಧೇಯಕವೂ ಸದನಕ್ಕೆ ಬಂತು. ಆದರೆ ಅವರ ರಾಜಕೀಯ ಬದುಕು ಆ ಒಂದು ಭಾಷಣಕ್ಕಿಂತ ಹಳೆಯದು. ಆ ಬದುಕನ್ನು ಮೊದಲಿನಿಂದ ಕ್ರಮವಾಗಿ ನೋಡಿದರೆ ಮಾತ್ರ ಭಾಷಣದ ತೂಕವೂ ಮಿತಿಯೂ ತಿಳಿಯುತ್ತದೆ ಎಂಬ ಕಾರಣಕ್ಕೆ ಈ ವಿವರಗಳನ್ನು ಒಂದೆಡೆ ಕೊಡುತ್ತಿದ್ದೇವೆ.

ಜಿಲ್ಲೆ ಮತ್ತು ಕ್ಷೇತ್ರಗಳು

ಚಿತ್ರದುರ್ಗ ಜಿಲ್ಲೆಯಲ್ಲಿ ಆರು ವಿಧಾನಸಭಾ ಕ್ಷೇತ್ರಗಳಿವೆ: ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ. 2008ರ ಕ್ಷೇತ್ರ ಪುನರ್‌ವಿಂಗಡಣೆಯ ನಂತರ ಮೊಳಕಾಲ್ಮೂರು ಹಾಗೂ ಚಳ್ಳಕೆರೆ ಪರಿಶಿಷ್ಟ ಪಂಗಡಕ್ಕೆ, ಹೊಳಲ್ಕೆರೆ ಪರಿಶಿಷ್ಟ ಜಾತಿಗೆ ಮೀಸಲಾದವು. ಹೊಸದುರ್ಗ ಸಾಮಾನ್ಯ ಕ್ಷೇತ್ರ. ಭೋವಿ ಸಮುದಾಯದ ಶೇಖರ್ ಸಾಮಾನ್ಯ ಕ್ಷೇತ್ರದಿಂದಲೇ ಎರಡು ಬಾರಿ ಗೆದ್ದರು ಎಂಬುದು ಗಮನಿಸಬೇಕಾದ ಸಂಗತಿ.

ಧರ್ಮಸಭೆಯ ಆಡಳಿತದಲ್ಲಿ ಈ ಜಿಲ್ಲೆ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ಉಡುಪಿ ಧರ್ಮಪ್ರಾಂತ್ಯದ ಮೊದಲ ಧರ್ಮಾಧ್ಯಕ್ಷರಾದ ಅತಿ ವಂದನೀಯ ಜೆರಾಲ್ಡ್ ಐಸಾಕ್ ಲೋಬೊ ಅವರು 2012ರಲ್ಲಿ ಕರಾವಳಿಗೆ ಬರುವ ಮುನ್ನ ಹನ್ನೆರಡು ವರ್ಷ ಶಿವಮೊಗ್ಗದ ಧರ್ಮಾಧ್ಯಕ್ಷರಾಗಿದ್ದರು. ಹೀಗಾಗಿ ಘಟ್ಟದ ಮೇಲಿನ ಆ ಬಯಲುಸೀಮೆ ನಮಗೆ ಅಪರಿಚಿತವೇನಲ್ಲ.

2008: ಪಕ್ಷೇತರರಾಗಿ ಗೆಲುವು

2008ರ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷ 110, ಕಾಂಗ್ರೆಸ್ 80, ಜಾತ್ಯತೀತ ಜನತಾದಳ 28 ಸ್ಥಾನ ಗಳಿಸಿದವು. ಆರು ಮಂದಿ ಪಕ್ಷೇತರರು ಗೆದ್ದರು. ಬಹುಮತಕ್ಕೆ 113 ಬೇಕಿದ್ದುದರಿಂದ ಆ ಆರು ಮಂದಿಗೆ ಎಲ್ಲಿಲ್ಲದ ಬೆಲೆ ಬಂತು. ಅವರಲ್ಲಿ ಇಬ್ಬರು ಚಿತ್ರದುರ್ಗ ಜಿಲ್ಲೆಯವರು: ಹೊಸದುರ್ಗದ ಗೂಳಿಹಟ್ಟಿ ಶೇಖರ್ ಮತ್ತು ಹಿರಿಯೂರಿನ ಡಿ. ಸುಧಾಕರ್. ಬಿ.ಎಸ್. ಯಡಿಯೂರಪ್ಪನವರ ಸರ್ಕಾರಕ್ಕೆ ಬೆಂಬಲ ನೀಡಿದ ಐವರು ಪಕ್ಷೇತರರೂ ಮಂತ್ರಿಗಳಾದರು. ಶೇಖರ್ ಅವರಿಗೆ ಯುವಜನ ಸೇವೆ ಮತ್ತು ಕ್ರೀಡಾ ಖಾತೆ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರ್ 14ರಂದು ಮಂಗಳೂರಿನ ಆರಾಧನಾ ಮಠ ಮತ್ತಿತರ ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿ ನಡೆದಾಗ ಅಧಿಕಾರದಲ್ಲಿದ್ದುದು ಈ ಸರ್ಕಾರವೇ.

2010-11: ಅನರ್ಹತೆ ಮತ್ತು ಸುಪ್ರೀಂ ಕೋರ್ಟ್ ತೀರ್ಪು

2010ರ ಸೆಪ್ಟೆಂಬರ್‌ನ ಸಂಪುಟ ಪುನಾರಚನೆಯಲ್ಲಿ ಶೇಖರ್ ಮಂತ್ರಿ ಸ್ಥಾನ ಕಳೆದುಕೊಂಡರು. ಅಕ್ಟೋಬರ್‌ನಲ್ಲಿ ಐವರು ಪಕ್ಷೇತರರು ಮತ್ತು ಆಡಳಿತ ಪಕ್ಷದ 11 ಶಾಸಕರು ಮುಖ್ಯಮಂತ್ರಿಯ ವಿರುದ್ಧ ರಾಜ್ಯಪಾಲರಿಗೆ ಪತ್ರ ಕೊಟ್ಟರು. ವಿಶ್ವಾಸಮತಕ್ಕೆ ಮುನ್ನವೇ ಸಭಾಧ್ಯಕ್ಷ ಕೆ.ಜಿ. ಬೋಪಯ್ಯ ಈ 16 ಮಂದಿಯನ್ನೂ ಅನರ್ಹಗೊಳಿಸಿದರು. ಅಕ್ಟೋಬರ್ 11ರ ಗದ್ದಲದಲ್ಲಿ ಅಂಗಿ ಹರಿದ ಸ್ಥಿತಿಯಲ್ಲಿ ಶೇಖರ್ ಕಾಣಿಸಿಕೊಂಡ ಚಿತ್ರ ನಾಡಿನಾದ್ಯಂತ ಪ್ರಸಾರವಾಯಿತು. ಅಕ್ಟೋಬರ್ 14ರ ಎರಡನೇ ವಿಶ್ವಾಸಮತವನ್ನು ಸರ್ಕಾರ 106-100 ಮತಗಳಿಂದ ಗೆದ್ದಿತು.

ಪಕ್ಷೇತರರ ಅನರ್ಹತೆಯನ್ನು ಹೈಕೋರ್ಟ್ ಎತ್ತಿಹಿಡಿಯಿತು. ಆದರೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ 16 ಮಂದಿಯ ಅನರ್ಹತೆಯನ್ನೂ ರದ್ದುಪಡಿಸಿತು. ಪಕ್ಷೇತರನಾಗಿ ಗೆದ್ದವನು ನಂತರ ಪಕ್ಷವೊಂದನ್ನು ಸೇರಿದರೆ ಸಂವಿಧಾನದ ಹತ್ತನೇ ಅನುಸೂಚಿಯಂತೆ ಅನರ್ಹನಾಗುತ್ತಾನೆ. ಸರ್ಕಾರಕ್ಕೆ ಬೆಂಬಲ ಕೊಟ್ಟು ಮಂತ್ರಿಯಾದ ಮಾತ್ರಕ್ಕೆ ಪಕ್ಷ ಸೇರಿದಂತಾಗುವುದಿಲ್ಲ ಎಂಬುದು ಸುಪ್ರೀಂ ಕೋರ್ಟ್ ನಿಲುವು. ಹೊರಗಿನ ನಡೆಯನ್ನಷ್ಟೇ ನೋಡಿ ಒಬ್ಬನ ನಿಷ್ಠೆ ಬದಲಾಗಿದೆ ಎಂದು ಮತ್ತೊಬ್ಬರು ತೀರ್ಮಾನಿಸುವಂತಿಲ್ಲ ಎಂಬ ಈ ತತ್ವದ ನೆರಳು ಶೇಖರ್ ಅವರಿಗೇ ಸಿಕ್ಕಿತ್ತು. ಮುಂದಿನ ಕಥೆ ಓದುವಾಗ ಇದು ನೆನಪಿನಲ್ಲಿರಲಿ.

2013 ಮತ್ತು 2018

2013ರಲ್ಲಿ ಹೊಸದುರ್ಗದಲ್ಲಿ ಕಾಂಗ್ರೆಸ್‌ನ ಬಿ.ಜಿ. ಗೋವಿಂದಪ್ಪ ಗೆದ್ದರು, ಶೇಖರ್ ಸೋತರು. 2018ರಲ್ಲಿ ಶೇಖರ್ ಬಿಜೆಪಿ ಅಭ್ಯರ್ಥಿಯಾಗಿ ಗೋವಿಂದಪ್ಪನವರನ್ನು ಸುಮಾರು 26 ಸಾವಿರ ಮತಗಳ ಅಂತರದಿಂದ ಸೋಲಿಸಿದರು. ಆ ವರ್ಷ ಜಿಲ್ಲೆಯ ಆರರಲ್ಲಿ ಐದು ಸ್ಥಾನ ಬಿಜೆಪಿಗೆ ಬಂದವು: ಚಿತ್ರದುರ್ಗದಲ್ಲಿ ಜಿ.ಎಚ್. ತಿಪ್ಪಾರೆಡ್ಡಿ, ಹಿರಿಯೂರಿನಲ್ಲಿ ಕೆ. ಪೂರ್ಣಿಮಾ, ಹೊಳಲ್ಕೆರೆಯಲ್ಲಿ ಎಂ. ಚಂದ್ರಪ್ಪ, ಮೊಳಕಾಲ್ಮೂರಿನಲ್ಲಿ ಬಿ. ಶ್ರೀರಾಮುಲು ಮತ್ತು ಹೊಸದುರ್ಗದಲ್ಲಿ ಶೇಖರ್. ಕಾಂಗ್ರೆಸ್‌ಗೆ ಉಳಿದದ್ದು ಚಳ್ಳಕೆರೆ ಮಾತ್ರ.

2021: ಸದನದ ಮಾತು

2021ರ ಸೆಪ್ಟೆಂಬರ್ 21ರಂದು ಶೇಖರ್ ವಿಧಾನಸಭೆಯಲ್ಲಿ ಮತಾಂತರದ ವಿಷಯ ಎತ್ತಿದರು. ತಮ್ಮ ಕ್ಷೇತ್ರದಲ್ಲಿ ಸಾವಿರಾರು ಮಂದಿ ಮತಾಂತರಗೊಂಡಿದ್ದಾರೆ, ತಮ್ಮ ತಾಯಿ ಕುಂಕುಮ ಇಡುವುದನ್ನೂ ಬಿಟ್ಟಿದ್ದಾರೆ ಎಂದರು. ಕಾನೂನು ತರುವ ಚಿಂತನೆ ಇದೆ ಎಂದು ಗೃಹ ಸಚಿವ ಆರಗ ಜ್ಞಾನೇಂದ್ರ ಉತ್ತರಿಸಿದರು. ಮರುದಿನ ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಅತಿ ವಂದನೀಯ ಪೀಟರ್ ಮಚಾದೊ ಅವರ ನೇತೃತ್ವದಲ್ಲಿ ಧರ್ಮಾಧ್ಯಕ್ಷರು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರನ್ನು ಭೇಟಿಯಾಗಿ ಇಂತಹ ಕಾನೂನು ಬೇಡವೆಂದು ಕೋರಿದರು.

ಅಕ್ಟೋಬರ್‌ನಲ್ಲಿ ಹೊಸದುರ್ಗದ ಹಾಲುರಾಮೇಶ್ವರ ದೇವಸ್ಥಾನದಲ್ಲಿ ಶಾಸಕರ ತಾಯಿಯೂ ಸೇರಿ ಕೆಲವರು ಹಿಂದೂ ಧರ್ಮಕ್ಕೆ ಮರಳಿದರು ಎಂದು ಪ್ರಕಟವಾಯಿತು. ಅದೇ ತಿಂಗಳು ಹಿಂದುಳಿದ ವರ್ಗಗಳು ಮತ್ತು ಅಲ್ಪಸಂಖ್ಯಾತರ ಕಲ್ಯಾಣಕ್ಕಾಗಿ ಇರುವ ವಿಧಾನಮಂಡಲ ಸಮಿತಿಯು ಚರ್ಚ್‌ಗಳ ಸಮೀಕ್ಷೆಗೆ ಸೂಚಿಸಿತು. ಈ ವಿಷಯವನ್ನು ಮಾಧ್ಯಮಗಳ ಮುಂದೆ ವಿವರಿಸಿದವರು ಶೇಖರ್. ಅಲ್ಪಸಂಖ್ಯಾತರ ಕಲ್ಯಾಣಕ್ಕೆಂದು ರಚಿತವಾದ ಸಮಿತಿಯಿಂದ ಈ ಸೂಚನೆ ಬಂದದ್ದು ನಮ್ಮ ಜನರಿಗೆ ಹೆಚ್ಚು ನೋವು ತಂದಿತು. ಇಂತಹ ಸಮೀಕ್ಷೆ ಅನಗತ್ಯವೆಂದು ಮಹಾಧರ್ಮಾಧ್ಯಕ್ಷರು ಹೇಳಿದರು.

ಇನ್ನು ಲೆಕ್ಕದ ಮಾತು. ಹೊಸದುರ್ಗ ತಾಲ್ಲೂಕಿನಲ್ಲಿ ಆಡಳಿತ ನಡೆಸಿದ ವಿಚಾರಣೆಯಲ್ಲಿ ಬಲವಂತದ ಮತಾಂತರ ಕಂಡುಬಂದಿಲ್ಲವೆಂದು ವರದಿಯಾಯಿತು. ಅದರ ಬೆನ್ನಿಗೇ ತಹಶೀಲ್ದಾರರ ವರ್ಗಾವಣೆಯಾದದ್ದು 2021ರ ಡಿಸೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂತು. ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು 2001ರ ಜನಗಣತಿಯಲ್ಲಿ ಶೇ 1.91, 2011ರಲ್ಲಿ ಶೇ 1.87.

ಕಾನೂನು

ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ವಿಧೇಯಕಕ್ಕೆ 2021ರ ಡಿಸೆಂಬರ್ 23ರಂದು ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಧ್ವನಿಮತದಿಂದ ಒಪ್ಪಿಗೆ ನೀಡಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಟಿತು, ಸೆಪ್ಟೆಂಬರ್‌ನಲ್ಲಿ ವಿಧಾನ ಪರಿಷತ್ತೂ ಒಪ್ಪಿತು. ಧರ್ಮಕೇಂದ್ರಗಳ ಕಾರ್ಯಕರ್ತರು ತಿಳಿದಿರಬೇಕಾದ ಮುಖ್ಯಾಂಶಗಳು ಇವು:

- ಧರ್ಮ ಬದಲಿಸುವವರೂ ಆ ವಿಧಿ ನಡೆಸುವವರೂ 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು.
- ಕಾನೂನುಬಾಹಿರ ಮತಾಂತರಕ್ಕೆ 3ರಿಂದ 5 ವರ್ಷ ಸೆರೆವಾಸ. ಮಹಿಳೆ, ಅಪ್ರಾಪ್ತ ವಯಸ್ಕರು ಮತ್ತು ಪರಿಶಿಷ್ಟರ ವಿಷಯದಲ್ಲಿ 10 ವರ್ಷದವರೆಗೆ.
- ದೂರನ್ನು ಸಂಬಂಧಿಕರು, ಸಹೋದ್ಯೋಗಿಗಳೂ ಕೊಡಬಹುದು. ತಪ್ಪು ಮಾಡಿಲ್ಲವೆಂದು ಸಾಬೀತುಪಡಿಸುವ ಹೊಣೆ ಆರೋಪಿಯದು.
- ಹಿಂದಿನ ಧರ್ಮಕ್ಕೆ ಮರಳುವುದು ಮತಾಂತರವೆನಿಸುವುದಿಲ್ಲ.

2023ರ ಜೂನ್ 15ರಂದು ಸಿದ್ದರಾಮಯ್ಯ ಸಂಪುಟ ಈ ಕಾನೂನನ್ನು ರದ್ದುಪಡಿಸಲು ತೀರ್ಮಾನಿಸಿತು. ಸಂಪುಟದ ತೀರ್ಮಾನ ಬೇರೆ, ವಿಧಾನಮಂಡಲದ ಎರಡೂ ಸದನಗಳಲ್ಲಿ ರದ್ದತಿ ವಿಧೇಯಕ ಅಂಗೀಕಾರವಾಗುವುದು ಬೇರೆ. ವಯಸ್ಕರಿಗೆ ಜ್ಞಾನಸ್ನಾನ ಕೊಡುವ ಸಂದರ್ಭದಲ್ಲಿ ಧರ್ಮಗುರುಗಳು ವಕೀಲರಲ್ಲಿ ವಿಚಾರಿಸಿಯೇ ಮುಂದುವರಿಯುವುದು ಕ್ಷೇಮ.

2023ರ ತೀರ್ಪು

2023ರಲ್ಲಿ ಬಿಜೆಪಿ ಶೇಖರ್ ಅವರಿಗೆ ಟಿಕೆಟ್ ಕೊಡಲಿಲ್ಲ. ಎಸ್. ಲಿಂಗಮೂರ್ತಿ ಅಭ್ಯರ್ಥಿಯಾದರು. ಶೇಖರ್ ಪಕ್ಷಕ್ಕೂ ಶಾಸಕ ಸ್ಥಾನಕ್ಕೂ ರಾಜೀನಾಮೆ ಕೊಟ್ಟು, ಮೊದಲಿನಂತೆ ಪಕ್ಷೇತರರಾಗಿ ಕಣಕ್ಕಿಳಿದು ಸೋತರು. ಗೋವಿಂದಪ್ಪ 32 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಹಿರಿಯೂರಿನಲ್ಲಿ ಗೆದ್ದ ಸುಧಾಕರ್ ಮತ್ತೆ ಮಂತ್ರಿಯಾದರು. ಜಿಲ್ಲೆಯಲ್ಲಿ ಬಿಜೆಪಿಗೆ ಉಳಿದದ್ದು ಹೊಳಲ್ಕೆರೆ ಒಂದೇ. ಅದೇ ವರ್ಷ ಡಿಸೆಂಬರ್‌ನಲ್ಲಿ, ನಾಗಪುರದ ಹೆಡಗೇವಾರ್ ಸ್ಮಾರಕದಲ್ಲಿ ಜಾತಿ ಕೇಳಿ ತಮಗೆ ಪ್ರವೇಶ ನಿರಾಕರಿಸಲಾಗಿತ್ತು ಎಂದು ಶೇಖರ್ ಆರೋಪಿಸಿದರು. ರಾಷ್ಟ್ರೀಯ ಸ್ವಯಂಸೇವಕ ಸಂಘ ಅದನ್ನು ನಿರಾಧಾರವೆಂದು ತಳ್ಳಿಹಾಕಿತು.

ನಮ್ಮ ಮಾತು

ಒಬ್ಬ ಮಗ ತಾಯಿಯ ಬಗ್ಗೆ ಪಡುವ ಸಂಕಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮನೆಯೊಳಗಿನ ಸಂಕಟ ರಾಜ್ಯದ ಕಾನೂನಿಗೆ ಆಧಾರವಾಗಬೇಕಾದರೆ ಪುರಾವೆ ಬೇಕು. ತಾಯಿಯ ಮನಸ್ಸೇನು ಎಂಬುದನ್ನು ತಾಯಿಯೇ ಹೇಳಬೇಕು. ಶಾಸಕರು ಬರುತ್ತಾರೆ, ಹೋಗುತ್ತಾರೆ, ಪಕ್ಷ ಬದಲಿಸುತ್ತಾರೆ. ಅವರ ಕಾಲದಲ್ಲಿ ಆದ ಕಾನೂನು ಅವರ ಜೊತೆಗೇ ಹೋಗುವುದಿಲ್ಲ. ಆದ್ದರಿಂದ ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನದ ದಾಖಲೆ ಪುಸ್ತಕ, ಜಮೀನಿನ ಪತ್ರ ಹಾಗೂ ಸಂಸ್ಥೆಗಳ ನೋಂದಣಿ ಕ್ರಮವಾಗಿರಲಿ. ಮತದಾರರ ಪಟ್ಟಿಯಲ್ಲಿ ನಮ್ಮವರ ಹೆಸರೂ ಇರಲಿ. ನಮ್ಮ ಕ್ಷೇತ್ರದ ಶಾಸಕರು ಸದನದಲ್ಲಿ ಏನು ಮಾತಾಡಿದರು ಎಂಬುದನ್ನು ಚುನಾವಣೆಯ ವರ್ಷದಲ್ಲಿ ಮಾತ್ರವಲ್ಲ, ಐದು ವರ್ಷವೂ ಗಮನಿಸುತ್ತಿರೋಣ.