ಮದರಾಸಿನಲ್ಲಿ ಸಿಕ್ಕ ಸಿಲ್ವಿಯಾ

ಕಳೆದ ವರ್ಷ ಒಂದು ವಿಚಾರಸಂಕಿರಣದಲ್ಲಿ ನಾನೊಂದು ತಪ್ಪು ಓದಿದೆ. '87 ಸಿಲ್ವಿಯಾ' ಎಂಬ ಕ್ಷುದ್ರಗ್ರಹಕ್ಕೆ ಫ್ರೆಂಚ್ ಖಗೋಳಜ್ಞ ಕಮೀಲ್ ಫ್ಲಮಾರಿಯೋನ್ ಅವರ ಹೆಂಡತಿ ಸಿಲ್ವಿಯ ಹೆಸರಿಟ್ಟಿದ್ದಾರೆ ಅಂತ. ಕ್ಷುದ್ರಗ್ರಹಗಳ ಹೆಸರುಗಳ ಕುರಿತ ಪುಸ್ತಕವೊಂದರಲ್ಲಿ ಹಾಗೇ ಇತ್ತು, ನಾನು ನಂಬಿದ್ದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ಅವರ ಮದುವೆ ಆದದ್ದು ಯಾವಾಗಮ್ಮಾ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಮದುವೆ ನಡೆದದ್ದು 1874ರಲ್ಲಿ. ಕ್ಷುದ್ರಗ್ರಹ ಸಿಕ್ಕಿದ್ದು 1866ರ ಮೇ 16ರಂದು, ಅದೂ ಮದರಾಸಿನಲ್ಲಿ!

ಅಲ್ಲಿನ ವೀಕ್ಷಣಾಲಯಕ್ಕೆ 1861ರಲ್ಲಿ ಬಂದವರು ಇಂಗ್ಲೆಂಡಿನ ನಾರ್ಮನ್ ಪಾಗ್ಸನ್. ನಕ್ಷತ್ರಗಳ ಹೊಳಪನ್ನು ಅಳೆಯಲು ಇಂದಿಗೂ ಬಳಸುವ ಲೆಕ್ಕಾಚಾರ ಅವರದೇ. ಆಗಿನ್ನೂ ಕ್ಷುದ್ರಗ್ರಹಗಳನ್ನು ಫೋಟೋ ತೆಗೆದು ಹುಡುಕುವ ಕಾಲ ಬಂದಿರಲಿಲ್ಲ. ದೂರದರ್ಶಕದಲ್ಲಿ ಕಂಡ ಚುಕ್ಕಿಗಳನ್ನು ನಕ್ಷೆಯೊಂದಿಗೆ ತಾಳೆ ನೋಡಬೇಕು. ನಕ್ಷೆಯಲ್ಲಿಲ್ಲದ ಚುಕ್ಕಿ ಕಂಡರೆ, ಅದು ಜಾಗ ಬದಲಿಸುತ್ತದೆಯೇ ಎಂದು ಕಾದು ನೋಡಬೇಕು. ಬಂದ ವರ್ಷವೇ ಪಾಗ್ಸನ್‌ಗೆ ಸಿಕ್ಕ ಕ್ಷುದ್ರಗ್ರಹ, ಏಷ್ಯಾ ಖಂಡದಿಂದ ಪತ್ತೆಯಾದ ಮೊದಲನೆಯದು. ಅದಕ್ಕೆ 'ಏಷ್ಯಾ' ಎಂದೇ ಹೆಸರಿಟ್ಟರು. ಐದು ವರ್ಷಗಳ ನಂತರ ಸಿಲ್ವಿಯಾ. ಮಂಗಳ ಮತ್ತು ಗುರುಗ್ರಹಗಳ ನಡುವಿನ ಪಟ್ಟಿಯ ಹೊರ ಅಂಚಿನಲ್ಲಿ, ಆರೂವರೆ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುವ, ಸುಮಾರು 270 ಕಿಲೋಮೀಟರ್ ಅಗಲದ ಕಾಯ ಅದು.

ಶೋಧವನ್ನು ಪ್ರಕಟಿಸಿದ ಬರಹದಲ್ಲಿಯೇ ಪಾಗ್ಸನ್ ಹೆಸರಿನ ಮೂಲವನ್ನೂ ಹೇಳಿದ್ದರು. ಅದು ರೋಮನ್ ಪುರಾಣದ ರಿಯಾ ಸಿಲ್ವಿಯಾ, ಅವಳಿಗಳಾದ ರೋಮ್ಯುಲಸ್ ಮತ್ತು ರೀಮಸ್‌ರ ತಾಯಿ. ನಮ್ಮ ಕುಂತಿಯ ಕರ್ಣನಂತೆ ಆ ಮಕ್ಕಳೂ ಹೊಳೆಯ ಪಾಲಾದವರು. ತೋಳವೊಂದು ಹಾಲೂಡಿಸಿ ಬದುಕಿಸಿತು.

2001ರಲ್ಲಿ ಸಿಲ್ವಿಯಾದ ಸುತ್ತ ಒಂದು ಉಪಗ್ರಹ ಕಂಡಿತು, 2004ರಲ್ಲಿ ತೆಗೆದ ಚಿತ್ರಗಳಲ್ಲಿ ಇನ್ನೊಂದು. ಎರಡು ಉಪಗ್ರಹಗಳಿರುವುದು ಖಚಿತವಾದ ಮೊದಲ ಕ್ಷುದ್ರಗ್ರಹ ಇದೇ. ಅವಕ್ಕೆ ರೋಮ್ಯುಲಸ್, ರೀಮಸ್ ಎಂದೇ ಹೆಸರಾಯಿತು. ಅವುಗಳ ಚಲನೆಯಿಂದ ತಾಯಿಯ ತೂಕವೂ ತಿಳಿಯಿತು: ಸಾಂದ್ರತೆ ನೀರಿಗಿಂತ ತುಸುವೇ ಹೆಚ್ಚು. ಅಂದರೆ ಸಿಲ್ವಿಯಾ ಇಡೀ ಬಂಡೆಯಲ್ಲ, ಒಳಗೆಲ್ಲ ಪೊಳ್ಳಿರುವ ಕಲ್ಲುಗಳ ರಾಶಿ. ಪಾಗ್ಸನ್ ಇಟ್ಟ ಹೆಸರಿಗೆ ನೂರಮೂವತ್ತೈದು ವರ್ಷಗಳ ಮೇಲೆ ಮಕ್ಕಳು ಸಿಕ್ಕಿದ್ದರು!

ನನ್ನನ್ನು ಕಾಡಿದ್ದು ಇನ್ನೊಂದು ಹೆಸರು. ಪಾಗ್ಸನ್‌ಗೆ ಸಹಾಯಕರಾಗಿದ್ದವರು ಚಿಂತಾಮಣಿ ರಘುನಾಥಾಚಾರಿ. 1867ರಲ್ಲಿ ಅವರು 'ಆರ್ ರೆಟಿಕ್ಯುಲಿ' ಎಂಬ, ಹೊಳಪು ಬದಲಿಸುವ ನಕ್ಷತ್ರವನ್ನು ಗುರುತಿಸಿದರು. ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಫೆಲೋ ಆದ ಮೊದಲ ಭಾರತೀಯ ಅವರೇ. 1874ರ ಶುಕ್ರ ಸಂಕ್ರಮಣವನ್ನು ಜನರಿಗೆ ತಿಳಿಸಲು ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಬಂತು. ಮದರಾಸು ವೀಕ್ಷಣಾಲಯದ ಪರಂಪರೆ ಕೊಡೈಕೆನಾಲ್ ಮೂಲಕ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಬಂದು ಸೇರಿದೆ. ಆದರೂ ಸಂಶೋಧನೆಗೆ ಇಳಿಯುವವರೆಗೆ ನಾನು ಆಚಾರಿಯವರ ಹೆಸರು ಕೇಳಿರಲಿಲ್ಲ, ಫ್ಲಮಾರಿಯೋನ್ ಹೆಸರು ಮಾತ್ರ ಗೊತ್ತಿತ್ತು. ನನ್ನ ತಪ್ಪಿಗೆ ಬೇರು ಅಲ್ಲೇ ಇತ್ತೇನೋ. ಸಿಲ್ವಿಯಾ ಎಂದೊಡನೆ ನಾನು ಪ್ಯಾರಿಸ್ಸಿನತ್ತ ನೋಡಿದೆ, ಪಕ್ಕದ ಮದರಾಸಿನಲ್ಲಿ ಯಾರು ಏನು ಬರೆದಿಟ್ಟಿದ್ದಾರೆಂದು ಹುಡುಕಲಿಲ್ಲ.

ಮಹಾಪ್ರಬಂಧದ ಆ ಅಡಿಟಿಪ್ಪಣಿಯನ್ನು ಈಗ ತಿದ್ದಿದ್ದೇನೆ. ಆಚಾರಿಯವರಿಗೆ ಅಡಿಟಿಪ್ಪಣಿ ಸಾಲದು. ಒಂದು ಅಧ್ಯಾಯವನ್ನೇ ಬರೆಯುತ್ತಿದ್ದೇನೆ.