ತಾಳ ಯಾರ ಕೈಯಲ್ಲಿ?

ರಿಯಾದ್, ಜೆದ್ದಾ, ದಮ್ಮಾಮ್, ಜುಬೈಲ್ – ಯಾವ ಊರಿನ ಕನ್ನಡ ಕಾರ್ಯಕ್ರಮಕ್ಕೆ ಹೋದರೂ ಹಾಡುವವರು ನಮ್ಮವರೇ, ಕುಣಿಯುವವರು ನಮ್ಮ ಮಕ್ಕಳೇ. ತಾಳ ಮಾತ್ರ ಹೆಚ್ಚಾಗಿ ಪೆನ್‌ಡ್ರೈವ್‌ನದು. ತಬಲಾ, ಮೃದಂಗ ನುಡಿಸುವವರು ಸಿಗುವುದು ಅಪರೂಪ. ಸಿಕ್ಕರೂ ಅವರ ವಾದ್ಯ ಊರಲ್ಲಿ ಅಟ್ಟದ ಮೇಲಿರುತ್ತದೆ. ಹಾಗಾಗಿ ಕರೋಕೆ ಟ್ರ್ಯಾಕ್ ಹಾಕುತ್ತೇವೆ, ಅದು ಓಡಿದಂತೆ ಹಾಡುತ್ತೇವೆ. ಹಾಡುವವರು ಒಂದು ಸಾಲು ಮರೆತರೆ ಟ್ರ್ಯಾಕ್ ಕಾಯುವುದಿಲ್ಲ.

ಇತ್ತ ಮನೆಯಲ್ಲಿ ಮಕ್ಕಳು ಟ್ಯಾಬ್ ಹಿಡಿದು ಬಣ್ಣಬಣ್ಣದ ಚೌಕಗಳನ್ನು ಬೆರಳಿನಿಂದ ಬಡಿಯುತ್ತಿರುತ್ತಾರೆ. ಒಂದು ಚೌಕ ಮುಟ್ಟಿದರೆ ‘ಧಂ’, ಇನ್ನೊಂದಕ್ಕೆ ‘ಟಪ್’, ಮತ್ತೊಂದಕ್ಕೆ ‘ಚಿಕ್’. ಸ್ವಲ್ಪ ದೊಡ್ಡ ಮಕ್ಕಳ ಮೇಜಿನ ಮೇಲೆ ಹದಿನಾರು ರಬ್ಬರ್ ಗುಂಡಿಗಳ ಪ್ಯಾಡ್ ಕೂಡ ಬಂದು ಕುಳಿತಿದೆ. ಇದು ಆಟವೋ ಸಂಗೀತವೋ ಎಂದು ಪೋಷಕರು ಕೇಳುತ್ತಾರೆ. ಆ ಚೌಕಗಳು ಎಲ್ಲಿಂದ ಬಂದವು ಎಂದು ನೋಡಿದರೆ ಉತ್ತರ ಹುಡುಕುವುದು ಸುಲಭವಾದೀತು.

ಮನುಷ್ಯನ ಕೈ ಇಲ್ಲದೆ ತಾನೇ ತಾಳ ಹಾಕುವ ಯಂತ್ರದ ಆಸೆ ಹಳೆಯದು. 1931ರಲ್ಲಿ ಅಮೆರಿಕದ ಸಂಗೀತ ರಚನಕಾರ ಹೆನ್ರಿ ಕೋವೆಲ್‌ಗಾಗಿ ರಷ್ಯಾದ ಎಂಜಿನಿಯರ್ ಲಿಯಾನ್ ಥೆರೆಮಿನ್ ‘ರಿದ್ಮಿಕಾನ್’ ಎಂಬ ಯಂತ್ರ ಕಟ್ಟಿಕೊಟ್ಟ. 1959ರಲ್ಲಿ ವುರ್ಲಿಟ್ಜರ್ ಕಂಪನಿಯ ‘ಸೈಡ್‌ಮ್ಯಾನ್’ ಬಂತು. ಸೈಡ್‌ಮ್ಯಾನ್ ಎಂದರೆ ಪಕ್ಕವಾದ್ಯದವನು! ಹೆಸರೇ ಎಲ್ಲ ಹೇಳುತ್ತದೆ. ಗುಂಡಿ ಒತ್ತಿ ಬೇಕಾದ ನಡೆ ಆರಿಸಿದರೆ, ಒಳಗೆ ಒಂದು ಚಕ್ರ ತಿರುಗುತ್ತಾ ಅದನ್ನೇ ಬಾರಿಸುತ್ತಿತ್ತು. ಮನುಷ್ಯನ ಕೆಲಸ ಶುರು ಮಾಡುವುದು ಮತ್ತು ನಿಲ್ಲಿಸುವುದು, ಅಷ್ಟೇ.

1980 ಈ ಕತೆಯ ದೊಡ್ಡ ವರ್ಷ. ಜಪಾನಿನ ರೋಲ್ಯಾಂಡ್ ಕಂಪನಿ ಆ ವರ್ಷ ಟಿಆರ್-808 ತಂದಿತು. ಅದರ ಕೆಳಭಾಗದಲ್ಲಿ ಸಾಲಾಗಿ ಹದಿನಾರು ಬಣ್ಣದ ಗುಂಡಿಗಳು. ನಾಲ್ಕು ಎಣಿಕೆಯ ಒಂದು ಆವರ್ತವನ್ನು ನಾಲ್ಕು ನಾಲ್ಕು ಭಾಗ ಮಾಡಿದರೆ ಹದಿನಾರು. ಯಾವ ಮನೆಯಲ್ಲಿ ಪೆಟ್ಟು ಬೇಕೋ ಆ ಗುಂಡಿ ಒತ್ತಬೇಕು. ಚೌಕಾಬಾರದ ಮನೆಗಳಲ್ಲಿ ಕಾಯಿ ಇಟ್ಟ ಹಾಗೆ. ಅದರ ಧ್ವನಿ ನಿಜವಾದ ಡ್ರಮ್ಮಿನಂತೆ ಇರಲಿಲ್ಲ, ಹಾಗಾಗಿ ಆಗ ಅಷ್ಟಾಗಿ ಮಾರಾಟವಾಗಲಿಲ್ಲ, 1983ರಲ್ಲಿ ತಯಾರಿಕೆ ನಿಂತಿತು. ಆದರೆ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕ ಆ ಪೆಟ್ಟಿಗೆಗಳನ್ನು ಅಮೆರಿಕದ ಯುವಕರು ಕೊಂಡರು. ಇವತ್ತಿನ ಹಿಪ್‌ಹಾಪ್ ಹಾಡುಗಳಲ್ಲಿ ಎದೆ ನಡುಗಿಸುವ ಆ ‘ಧೂಂ’ ಇದೆಯಲ್ಲ, ಅದರ ತವರು ಇದು.

ಇಲ್ಲಿ ನಮ್ಮ ದೇಶದ ಒಬ್ಬರ ಹೆಸರು ಹೇಳದೆ ಮುಂದೆ ಹೋಗಬಾರದು. ಮುಂಬೈಯ ಸಿನಿಮಾ ಸಂಗೀತದಲ್ಲಿ ವಾದ್ಯ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಇದೇ 808 ಮತ್ತು ರೋಲ್ಯಾಂಡಿನ ಇನ್ನೆರಡು ಯಂತ್ರಗಳನ್ನು ಇಟ್ಟುಕೊಂಡು, ಡಿಸ್ಕೋ ತಾಳದ ಮೇಲೆ ಹತ್ತು ರಾಗಗಳನ್ನು ಧ್ವನಿಮುದ್ರಿಸಿದರು. ಆಗ ಅದನ್ನು ಕೊಂಡವರು ಕಡಿಮೆ. 2010ರಲ್ಲಿ ಮರುಮುದ್ರಣವಾದಾಗ ಯುರೋಪಿನವರು ಬೆರಗಾದರು. 1980ರ ದಶಕದ ಕೊನೆಯಲ್ಲಿ ಚಿಕಾಗೋದಲ್ಲಿ ಹುಟ್ಟಿತು ಎನ್ನುವ ಒಂದು ಸಂಗೀತದ ಚಹರೆ ಅದರಲ್ಲಿ ಮೊದಲೇ ಇತ್ತು!

ಇನ್ನೊಬ್ಬರು ರೋಜರ್ ಲಿನ್. ಅಮೆರಿಕದ ಗಿಟಾರ್ ವಾದಕ. ಅವರ ಎಲ್ಎಂ-1 ಕೂಡ 1980ರದೇ. ಅದರ ಒಳಗಿದ್ದದ್ದು ನಿಜವಾದ ಡ್ರಮ್ಮುಗಳ ಧ್ವನಿಯ ತುಣುಕುಗಳು. ಬೆಲೆ ಸುಮಾರು 5,000 ಡಾಲರ್. ಆಗ ಮೆಮೊರಿ ಚಿಪ್ ಎಷ್ಟು ದುಬಾರಿಯೆಂದರೆ, ತಾಳದ ತಟ್ಟೆಯಂಥ ದೊಡ್ಡ ಸಿಂಬಲ್‌ನ ನಾದ ಬಹಳ ಹೊತ್ತು ಉಳಿಯುತ್ತದೆ ಎಂಬ ಕಾರಣಕ್ಕೆ ಅದನ್ನೇ ಬಿಟ್ಟಿದ್ದರು. ಮಕ್ಕಳೇ, ಇವತ್ತು ನಿಮ್ಮ ಅಪ್ಪನ ಫೋನಿನಲ್ಲಿರುವ ಒಂದು ಫೋಟೋದ ಜಾಗದಲ್ಲಿ ಅಂಥ ಹತ್ತಾರು ಸಿಂಬಲ್‌ಗಳು ಕೂರುತ್ತವೆ.

ಲಿನ್ ಅದರಲ್ಲಿ ಇನ್ನೊಂದು ಸೌಲಭ್ಯ ಇಟ್ಟರು. ನೀವು ಬಾರಿಸಿದ ಪೆಟ್ಟು ಸ್ವಲ್ಪ ಮುಂಚೆಯೋ ತಡವಾಗಿಯೋ ಬಿದ್ದಿದ್ದರೆ ಯಂತ್ರ ಅದನ್ನು ಹತ್ತಿರದ ಸರಿಯಾದ ಮನೆಗೆ ಎಳೆದು ಕೂರಿಸುತ್ತದೆ. ಈಗ ಎಲ್ಲ ಆ್ಯಪ್‌ಗಳಲ್ಲೂ ‘ಕ್ವಾಂಟೈಜ್’ ಎಂಬ ಹೆಸರಿನಲ್ಲಿ ಇರುವುದು ಇದೇ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಲಿನ್ ಅವರ ಸ್ವಂತ ಕಂಪನಿ 1986ರಲ್ಲಿ ಮುಚ್ಚಿತು. ಆಮೇಲೆ ಜಪಾನಿನ ಆಕೈ ಕಂಪನಿಯ ಜೊತೆ ಸೇರಿ ಅವರು ಮಾಡಿದ್ದು ಎಂಪಿಸಿ-60. ಅದು ಹೊರಬಂದದ್ದು 1988ರಲ್ಲಿ. ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು ಹದಿನಾರು ರಬ್ಬರ್ ಚೌಕಗಳು. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಜೋರಾಗಿ ಬಡಿದರೆ ಜೋರಾಗಿ ಕೇಳುತ್ತದೆ. ನನಗೆ ಈ ಇತಿಹಾಸದ ತಿರುವು ಇಲ್ಲೇ ಇದೆ ಅನ್ನಿಸುತ್ತದೆ. ಯಂತ್ರದ ಕೈಗೆ ಹೋಗಿದ್ದ ತಾಳ ಮತ್ತೆ ಮನುಷ್ಯನ ಬೆರಳಿಗೆ ಬಂತು. ನಿಮ್ಮ ಟ್ಯಾಬ್ ಮೇಲಿರುವ ಆ ಹದಿನಾರು ಚೌಕಗಳು ಎಂಪಿಸಿಯ ಮೊಮ್ಮಕ್ಕಳು.

ಅದರ ನಂತರದ ಮಾದರಿ ಎಂಪಿಸಿ-3000 ಮೇಲೆ ಡೆಟ್ರಾಯಿಟ್‌ನ ಜೆ ಡಿಲ್ಲಾ ಎಂಬ ಕಲಾವಿದ ಅನೇಕ ಸಲ ಕ್ವಾಂಟೈಜ್ ಇಲ್ಲದೆಯೇ ನುಡಿಸಿದ. ಪೆಟ್ಟುಗಳು ಕೂದಲೆಳೆಯಷ್ಟು ಹಿಂದೆ ಮುಂದೆ ಬೀಳುತ್ತಿದ್ದವು, ಆ ನಡೆಯೇ ಅವನ ಗುರುತಾಯಿತು. ಅವನು 2006ರಲ್ಲಿ, ಮೂವತ್ತೆರಡನೆಯ ವಯಸ್ಸಿಗೆ ತೀರಿಕೊಂಡ. ಅವನ ಎಂಪಿಸಿ ಈಗ ವಾಷಿಂಗ್ಟನ್‌ನಲ್ಲಿ ಆಫ್ರಿಕನ್ ಅಮೆರಿಕನ್ನರ ಇತಿಹಾಸ ಹೇಳುವ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಈಗ ಬೆಂಗಳೂರಿಗೆ ಬರೋಣ. ಅಲ್ಲಿ ಇದೇ ಕಾಲಕ್ಕೆ ಬೇರೆಯೇ ಒಂದು ಅಗತ್ಯದಿಂದ ಬೇರೆಯೇ ಪೆಟ್ಟಿಗೆ ಹುಟ್ಟಿತು. ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ಅವರ ರ‍್ಯಾಡೆಲ್ ಸಂಸ್ಥೆಯಿಂದ ಮುಂದೆ ತಬಲಾದ ಠೇಕಾ ನುಡಿಸುವ ‘ತಾಲ್‌ಮಾಲಾ’ ಬಂತು. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರಿಗೆ ದಿನಾ ತಬಲಾದವರನ್ನು ಕರೆಸಲು ಆಗುತ್ತದೆಯೇ? ಪೆಟ್ಟಿಗೆ ಠೇಕಾ ಕೊಡುತ್ತದೆ, ನೀವು ಹಾಡಿ. ಪರದೇಶದಲ್ಲಿರುವ ನಮ್ಮಂಥವರಿಗೆ ಇದು ವರವೇ ಆಯಿತು. ಇವತ್ತು ಆ ಕೆಲಸ ಫೋನಿನ ಆ್ಯಪ್‌ಗೆ ಇಳಿದಿದೆ, ನಮ್ಮಲ್ಲಿ ಸಂಗೀತ ಕಲಿಯುವ ಮಕ್ಕಳ ಮನೆಗಳಲ್ಲಿ ಶ್ರುತಿ ಪೆಟ್ಟಿಗೆಯ ಬದಲು ಅದೇ ಗುನುಗುತ್ತಿರುತ್ತದೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಎಂಪಿಸಿಯಲ್ಲಿ ಬೆರಳು ನಡೆಸುತ್ತದೆ, ಯಂತ್ರ ಕೇಳುತ್ತದೆ. ಠೇಕಾ ಪೆಟ್ಟಿಗೆಯಲ್ಲಿ ಯಂತ್ರ ನಡೆಸುತ್ತದೆ, ನಾವು ಹಿಂಬಾಲಿಸುತ್ತೇವೆ. ಎರಡೂ ಬೇಕು. ಎರಡನೆಯದು ಮಾತ್ರ ಇದ್ದರೆ ಆಪತ್ತು.

ನಮ್ಮೂರ ಗಣೇಶೋತ್ಸವದ ರಸಮಂಜರಿ ನೋಡಿದವರಿಗೆ ಪ್ಯಾಡು ಹೊಸತೇನಲ್ಲ. ರೋಲ್ಯಾಂಡಿನ ಮೊದಲ ಆಕ್ಟೋಪ್ಯಾಡ್ 1985ರದು, ಎಂಟು ರಬ್ಬರ್ ಚೌಕಗಳ ಹಲಗೆ. ಕೋಲಿನಿಂದ ಬಾರಿಸುವುದು. ಡೋಲಕ್, ತಬಲಾ, ಡ್ರಮ್ಸ್, ಗೆಜ್ಜೆ ಎಲ್ಲವನ್ನೂ ಒಬ್ಬರೇ ಕೊಡುತ್ತಾರೆ. ವೇದಿಕೆ ಚಿಕ್ಕದು, ಸಮಿತಿಯ ಬಜೆಟ್ ಇನ್ನೂ ಚಿಕ್ಕದು. ‘ಪ್ಯಾಡ್ಸ್‌ನವರು’ ಬೇಗ ಅನಿವಾರ್ಯರಾದರು. ಡೋಲಕ್‌ನವರಿಗೆ ಇದು ಖುಷಿಯ ಸುದ್ದಿಯಲ್ಲ ಎನ್ನುವುದು ಬೇರೆ ಮಾತು. ಆದರೂ ಪ್ಯಾಡ್ಸ್‌ನವರು ಹಾಡುವವರ ಮುಖ ನೋಡುತ್ತಾ ಬಾರಿಸುತ್ತಾರೆ. ಗಾಯಕಿ ಉಸಿರು ತೆಗೆದುಕೊಂಡರೆ ಕಾಯುತ್ತಾರೆ. ಪೆನ್‌ಡ್ರೈವ್‌ಗೆ ಮುಖ ನೋಡಲು ಬರುವುದಿಲ್ಲ.

ಟ್ಯಾಬ್‌ನ ಕತೆ ಚಿಕ್ಕದು. ಐಪ್ಯಾಡ್ ಮಾರುಕಟ್ಟೆಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ, ಅದರ ಗ್ಯಾರೇಜ್‌ಬ್ಯಾಂಡ್ ಆ್ಯಪ್ 2011ರಲ್ಲಿ. ಗಾಜಿಗೆ ಪೆಟ್ಟಿನ ಬಲ ತಿಳಿಯುವುದಿಲ್ಲವಲ್ಲ? ಅದಕ್ಕೆ ಒಂದು ಉಪಾಯ ಮಾಡಿದರು: ಬಡಿದಾಗ ಇಡೀ ಟ್ಯಾಬ್ ಎಷ್ಟು ಅಲುಗಿತು ಎಂಬುದನ್ನು ಒಳಗಿನ ಚಲನೆಯ ಸಂವೇದಕದಿಂದ ಅಳೆದು, ಅದರಂತೆ ಧ್ವನಿಯನ್ನು ಏರಿಸಿ ಇಳಿಸಿದರು. 5,000 ಡಾಲರಿನ ಪೆಟ್ಟಿಗೆ ಮಾಡುತ್ತಿದ್ದ ಕೆಲಸ ಹೀಗೆ ಮಕ್ಕಳ ತೊಡೆಯ ಮೇಲೆ ಬಂತು.

ನಾವಿರುವ ನೆಲವೂ ತಾಳದ ನೆಲವೇ. ಸೌದಿ ರಾಷ್ಟ್ರೀಯ ದಿನದಂದು, ಸೆಪ್ಟೆಂಬರ್ 23ಕ್ಕೆ, ಕತ್ತಿ ಹಿಡಿದು ಸಾಲಾಗಿ ನಿಂತು ತೂಗುವ ನಜ್ದಿ ಅರ್ದಾ ನೃತ್ಯವನ್ನು ನಮ್ಮ ಮಕ್ಕಳು ನೋಡಿರುತ್ತಾರೆ. ಅದು 2015ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿತು. ಜೆದ್ದಾ ಕಡೆಯ, ಕೋಲು ಹಿಡಿದು ಕುಣಿಯುವ ಮಿಜ್ಮಾರ್ 2016ರಲ್ಲಿ. ಎರಡರಲ್ಲೂ ಡೋಲು ಬಾರಿಸುವವರು ಕುಣಿಯುವವರ ನಡುವೆಯೇ, ಅವರ ಎದುರಿಗೇ ಇರುತ್ತಾರೆ. ಇನ್ನೊಂದು ತುದಿಯಲ್ಲಿ, 2019ರ ಡಿಸೆಂಬರಿನಲ್ಲಿ ರಿಯಾದ್‌ನಲ್ಲಿ ಭಾರಿ ಎಲೆಕ್ಟ್ರಾನಿಕ್ ಸಂಗೀತ ಉತ್ಸವ ನಡೆಯಿತು; 2020ರಲ್ಲಿ ಇಲ್ಲಿನ ಸಂಸ್ಕೃತಿ ಸಚಿವಾಲಯದ ಅಡಿ ಸಂಗೀತಕ್ಕೇ ಒಂದು ಆಯೋಗ ಬಂತು. ನಮ್ಮ ಮಕ್ಕಳು ಇವೆರಡರ ನಡುವೆ ಬೆಳೆಯುತ್ತಿದ್ದಾರೆ.

ಇನ್ನು ಬೆರಳಿನ ವಿಷಯ. ಕರ್ನಾಟಕ ಸಂಗೀತದಲ್ಲಿ ತಾಳವನ್ನು ಎಣಿಸುವುದೇ ಬೆರಳಿನಲ್ಲಿ. ಆದಿತಾಳಕ್ಕೆ ಮೊದಲು ತೊಡೆಗೆ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ನಂತರ ಪೆಟ್ಟು–ಹುಸಿ, ಪೆಟ್ಟು–ಹುಸಿ. ಎಂಟು. ಮೃದಂಗದ ಮೊದಲ ಪಾಠ ‘ತ ದಿ ತೊಂ ನಂ’. ‘ತೊಂ’ ಎಡಗೈಯದು, ‘ನಂ’ ಬಲಗೈಯ ತೋರುಬೆರಳು ಅಂಚಿಗೆ ಬಿದ್ದಾಗ ಬರುವುದು. ಅಂದರೆ ಪ್ರತಿ ಸೊಲ್ಲಿಗೂ ಕೈಯಲ್ಲಿ ಒಂದು ಜಾಗವಿದೆ, ಪ್ಯಾಡ್‌ನಲ್ಲಿ ಪ್ರತಿ ಧ್ವನಿಗೂ ಒಂದು ಚೌಕ ಇರುವ ಹಾಗೆ. ಮಡಕೆಯಂಥ ಘಟವನ್ನು ಬೆರಳಿನಿಂದಲೇ ನುಡಿಸಿ, ಹೆಣ್ಣುಮಕ್ಕಳಿಗೆ ಈ ವಾದ್ಯವೇಕೆ ಎನ್ನುವವರ ನಡುವೆಯೇ ಹೆಸರು ಮಾಡಿದ ಸುಕನ್ಯಾ ರಾಮಗೋಪಾಲ್ ಬೆಂಗಳೂರಿನಲ್ಲಿ ನೆಲೆಸಿದವರು. ಅದೇ ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಲಯವಾದ್ಯಗಳಿಗೆಂದೇ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಟ್ಟಿದರು. ಬಾಯಲ್ಲೇ ಸೊಲ್ಲುಕಟ್ಟು ಹೇಳುವ ಕೊನ್ನಕೋಲನ್ನು ಆ ತಂಡ ಯುರೋಪಿನ ಜಾಝ್ ಕಲಾವಿದರ ಜೊತೆಯಲ್ಲೂ ಕೇಳಿಸಿತು. ಕೊನ್ನಕೋಲಿಗೆ ವಾದ್ಯವೇ ಬೇಡ. ವಿಮಾನದಲ್ಲಿ ಲಗೇಜಿನ ತೂಕವೂ ಇಲ್ಲ!

ಈಗ ಆ ಕ್ವಾಂಟೈಜ್ ಗುಂಡಿಗೆ ಬರುತ್ತೇನೆ. ಹದಿನಾರು ಮನೆಗಳ ಯಂತ್ರಕ್ಕೆ ನಾಲ್ಕು, ಎಂಟು, ಹದಿನಾರು ಇಷ್ಟ. ಆದಿತಾಳ ಅದರಲ್ಲಿ ಸುಖವಾಗಿ ಕೂರುತ್ತದೆ. ಆದರೆ ನಮ್ಮಲ್ಲಿ ಏಳು ತಾಳ, ಐದು ಜಾತಿ, ಒಟ್ಟು ಮೂವತ್ತೈದು. ಅದರಾಚೆ ಏಳು ಎಣಿಕೆಯ ಮಿಶ್ರಛಾಪು, ಐದರ ಖಂಡಛಾಪು. ಕೆಲವು ಆ್ಯಪ್‌ಗಳಲ್ಲಿ ನಾಲ್ಕು, ಮೂರು, ಆರು ಬಿಟ್ಟರೆ ಬೇರೆ ಆಯ್ಕೆಯೇ ಇರುವುದಿಲ್ಲ. ಅಂಥದರಲ್ಲಿ ಮಿಶ್ರಛಾಪು ನುಡಿಸಿದ ಮಗುವಿಗೆ ಆವರ್ತ ಮುಗಿಯುವ ಜಾಗದಲ್ಲಿ ಪ್ರತಿ ಸಲವೂ ಒಂದು ಮನೆ ಹೆಚ್ಚು ಉಳಿಯುತ್ತದೆ. ಮಗು ತನ್ನದೇ ತಪ್ಪು ಅಂದುಕೊಂಡು ನಾಲ್ಕಕ್ಕೆ ಹೊಂದಿಕೊಳ್ಳುತ್ತದೆ. ಇದು ಸಣ್ಣ ನಷ್ಟವಲ್ಲ. ಮನೆಯಲ್ಲಿ ತಿದ್ದುವ ಗುರುಗಳಿಲ್ಲದ, ಕಿವಿಗೆ ಬೇರೆ ತಾಳ ಬೀಳದ ಇಲ್ಲಿನ ಮಕ್ಕಳಿಗೆ ಯಂತ್ರದ ಅಳತೆಯೇ ಅಳತೆಯಾಗಿಬಿಡುತ್ತದೆ.

ಹಾಗಂತ ಟ್ಯಾಬ್ ಕಿತ್ತುಕೊಳ್ಳುವುದರಿಂದ ಏನೂ ಆಗದು. ಪೋಷಕರೇ, ಕ್ವಾಂಟೈಜ್ ಆಫ್ ಮಾಡಿಸಿ. ವಾರಕ್ಕೆ ಒಂದು ದಿನವಾದರೂ. ಬ್ಲೂಟೂತ್ ಹೆಡ್‌ಫೋನ್ ಬೇಡ, ಅದರಲ್ಲಿ ಧ್ವನಿ ಸ್ವಲ್ಪ ತಡವಾಗಿ ಕಿವಿಗೆ ಬರುವುದರಿಂದ ಕೈ ಗೊಂದಲಕ್ಕೆ ಬೀಳುತ್ತದೆ, ತಂತಿಯದೇ ಒಳ್ಳೆಯದು.

ಮಕ್ಕಳೇ, ನಿಮಗೊಂದು ಆಟ. ಆ್ಯಪ್‌ನ ಮೆಟ್ರೋನೋಮ್ ನಾಲ್ಕರಲ್ಲೇ ನಿಧಾನವಾಗಿ ಓಡಲಿ. ಅದರ ಒಂದೊಂದು ಪೆಟ್ಟಿಗೆ ಒಂದೊಂದು ಸೊಲ್ಲು ಹೇಳಿ: ‘ತಕಿಟ ತಕದಿಮಿ’. ಮೂರು, ನಾಲ್ಕು, ಏಳು. ಬಾಯಿ ಗಟ್ಟಿಯಾದ ಮೇಲೆ ಎರಡು ‘ತ’ಗಳಿಗೆ ‘ಧಂ’ ಚೌಕ, ಉಳಿದವಕ್ಕೆ ‘ಚಿಕ್’ ಚೌಕ ಬಾರಿಸಿ. ಎರಡನೆಯ ಸುತ್ತಿಗೇ ನಿಮ್ಮ ‘ತ’ ಒಂದು ಕಡೆ, ಯಂತ್ರದ ‘ಒಂದು’ ಇನ್ನೊಂದು ಕಡೆ ಹೋಗುತ್ತದೆ. ಹೆದರಬೇಡಿ, ನಿಲ್ಲಿಸಬೇಡಿ, ಯಂತ್ರದ ಮಾತು ಕೇಳಲೂ ಬೇಡಿ. ನಿಮ್ಮದು ನಾಲ್ಕು ಸಲ ಏಳು, ಅದರದು ಏಳು ಸಲ ನಾಲ್ಕು, ಎರಡೂ ಇಪ್ಪತ್ತೆಂಟು. ಇಪ್ಪತ್ತೊಂಬತ್ತನೆಯ ಪೆಟ್ಟಿಗೆ ಇಬ್ಬರೂ ಒಟ್ಟಿಗೆ ಸಮಕ್ಕೆ ಬಂದು ಬೀಳುತ್ತೀರಿ. ಬೀಳದಿದ್ದರೆ ಮೊದಲಿನಿಂದ ಶುರು ಮಾಡಿ. ಆ್ಯಪ್ ಏನೂ ಬೇಸರ ಮಾಡಿಕೊಳ್ಳುವುದಿಲ್ಲ.