ಸಭೆಯ ಹಾಡೂ ವಾದ್ಯದ ಘೋಷವೂ

ದೇವಾರಾಧನೆಯಲ್ಲಿ ವಾದ್ಯವು ಹಾಡನ್ನು ಅನುಸರಿಸತಕ್ಕದ್ದೋ, ಹಾಡೇ ವಾದ್ಯಕ್ಕೆ ಅಡಗತಕ್ಕದ್ದೋ ಎಂಬ ವ್ಯಾಜ್ಯವು ಕ್ರೈಸ್ತ ಸಭೆಗಳಲ್ಲಿ ಬಹು ಹಳೆಯದು. ಇಂದು ಧ್ವನಿವರ್ಧಕ, ಗಿಟಾರುಗಳ ಮೇಲೆ ಬರುವ ದೂರು ಹಿಂದೆ ಆರ್ಗನ್ ವಾದ್ಯದ ಮೇಲೆ ಬರುತ್ತಿತ್ತು. ಅಂಥದೊಂದು ದೂರಿನ ವಿಚಾರಣೆಯ ದಾಖಲೆಯು ಜರ್ಮನಿಯ ಆರ್ನ್‌ಷ್ಟಾಟ್ ಪಟ್ಟಣದ್ದು ಉಳಿದುಬಂದಿದೆ. ಆಪಾದಿತನು ಬೇರಾರೂ ಅಲ್ಲ. ಸಂಗೀತಗಾರರಲ್ಲಿ ಅಗ್ರಗಣ್ಯನಾದ ಯೋಹಾನ್ ಸೆಬಾಸ್ಟಿಯನ್ ಬಾಖ್.

ಮಾರ್ಟಿನ್ ಲೂಥರನು ಮತಸುಧಾರಣೆಯ ಕಾಲದಲ್ಲಿ ಸಾಮಾನ್ಯ ಜನರೇ ತಮ್ಮ ಭಾಷೆಯಲ್ಲಿ ದೇವರನ್ನು ಹಾಡಿ ಸ್ತುತಿಸಲೆಂದು ಕೀರ್ತನೆಗಳನ್ನು ರಚಿಸಿದನು. 1524ರಲ್ಲಿ ಅವುಗಳ ಸಂಗ್ರಹಗಳು ಅಚ್ಚಾದುವು. ಅಂದಿನಿಂದ ಹಾಡು ಸಭೆಯ ಸ್ವತ್ತಾಯಿತು. ಕಾಲಕ್ರಮದಲ್ಲಿ ಅದನ್ನು ನಡೆಸುವ ಭಾರವು ಆರ್ಗನ್ನಿನ ಮೇಲೆ ಬಿತ್ತು. ನೂರಾರು ಕೊಳವೆಗಳ ಆ ವಾದ್ಯವು ಘೋಷಿಸುವಾಗ ರಾಗದ ಜಾಡು ತಪ್ಪಿತೆಂದರೆ, ಹಾಡುವವರ ಬಾಯಿ ಕಟ್ಟಿದಂತೆಯೇ ಸರಿ.

ಬಾಖನು 1703ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ಆರ್ನ್‌ಷ್ಟಾಟಿನ ಹೊಸ ಚರ್ಚಿಗೆ ವಾದಕನಾದನು. 1705ರಲ್ಲಿ ನಾಲ್ಕು ವಾರಗಳ ರಜೆ ಪಡೆದು, ಬುಕ್ಸ್‌ಟೆಹುಡನ ವಾದನವನ್ನು ಕೇಳಲು ದೂರದ ಲ್ಯೂಬೆಕ್ಕಿಗೆ ನಡೆದುಹೋಗಿ, ಅದರ ನಾಲ್ಮಡಿ ಕಾಲ ಅಲ್ಲಿಯೇ ನಿಂತನು. ಮರಳಿದ ಮೇಲೆ, 1706ರ ಫೆಬ್ರವರಿ 21ರಂದು, ಧರ್ಮಾಧಿಕಾರಿಗಳ ಮಂಡಲಿಯು ಅವನನ್ನು ಕರೆಸಿತು. ಕೀರ್ತನೆಗಳಲ್ಲಿ ವಿಚಿತ್ರವಾದ ಮಾರ್ಪಾಟುಗಳನ್ನು ಮಾಡಿ ಪರಸ್ವರಗಳನ್ನು ಬೆರೆಸಿದುದರಿಂದ ಸಭೆಯು ಗೊಂದಲಕ್ಕೀಡಾಯಿತೆಂಬುದು ಒಂದು ಆಕ್ಷೇಪ. ಆದರೆ ಮಂಡಲಿಯು ಹೊಸತನವನ್ನೇ ನಿಷೇಧಿಸಲಿಲ್ಲ. ಅನ್ಯಸ್ವರವನ್ನು ತಂದರೆ ಅದರಲ್ಲಿ ನೆಲೆಯಾಗಿ ನಿಲ್ಲಬೇಕು, ಥಟ್ಟನೆ ಮತ್ತೊಂದಕ್ಕೆ ಹಾರಬಾರದು ಎಂದಿತು. ದೂರನ್ನು ಹೀಗೆ ನಿರ್ದಿಷ್ಟವಾಗಿ ಹೇಳಿದುದು ಮೆಚ್ಚತಕ್ಕ ಸಂಗತಿ.

ಸಾಕ್ಷ್ಯವಿತ್ತ ಗಾಯಕ ವಿದ್ಯಾರ್ಥಿಯೊಬ್ಬನು ಇನ್ನೊಂದು ಮಾತು ತಿಳಿಸಿದನು. ಬಾಖನು ಮೊದಲು ಪೀಠಿಕಾವಾದನವನ್ನು ಅತಿ ದೀರ್ಘವಾಗಿ ನುಡಿಸುತ್ತಿದ್ದನಂತೆ. ಮೇಲಧಿಕಾರಿಯು ಎಚ್ಚರಿಸಿದೊಡನೆ ಅತಿ ಹ್ರಸ್ವವಾಗಿ ಮುಗಿಸತೊಡಗಿದನಂತೆ! ಸ್ವಾರಸ್ಯವೇನೆಂದರೆ, ಈ ಸಾಕ್ಷಿಯೇ ಹಿಂದಿನ ಭಾನುವಾರ ಉಪದೇಶದ ನಡುವೆ ದ್ರಾಕ್ಷಾರಸದ ಅಂಗಡಿಗೆ ಹೋಗಿದ್ದನು. ಮಂಡಲಿಯು ಅವನನ್ನೂ ದಂಡಿಸಿತು. ಆದರೆ ಹೇಳಿದವನ ತಪ್ಪಿಗಾಗಿ ಹೇಳಿದ ಮಾತನ್ನು ತಳ್ಳಿಹಾಕಲಿಲ್ಲ.

ಬಾಖನು 1707ರಲ್ಲಿ ಆ ಊರನ್ನು ಬಿಟ್ಟು ಮ್ಯೂಲ್‌ಹೌಸೆನ್ನಿಗೆ ಹೋದನು. 1723ರಲ್ಲಿ ಲೈಪ್‌ಜಿಗ್ ನಗರವು ಅವನನ್ನು ನೇಮಿಸಿಕೊಂಡಾಗ, ಸಂಗೀತವು ಅತಿ ದೀರ್ಘವಾಗದೆ, ನಾಟಕಶಾಲೆಯದಂತೆ ತೋರದೆ, ಭಕ್ತಿಯನ್ನು ಉದ್ದೀಪಿಸುವಂತಿರಬೇಕೆಂದು ಮೊದಲೇ ಬರೆಸಿಕೊಂಡಿತು. ಅಲ್ಲಿಯೂ ಮೇಲಧಿಕಾರಿಗಳೊಡನೆ ಅವನಿಗೆ ಕಲಹಗಳು ತಪ್ಪಲಿಲ್ಲ. ಆದರೂ 1750ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಉಳಿದನು.

ಬಾಖನ ಕೀರ್ತಿಯನ್ನು ಬಲ್ಲ ನಾವು ಆರ್ನ್‌ಷ್ಟಾಟಿನವರನ್ನು ಅರಸಿಕರೆಂದು ನಗುವುದು ಸುಲಭ. ಆದರೆ ಹಾಡಲು ಬಂದು ಹಾಡಲಾರದೆ ನಿಂತವರ ಸಂಕಟವೂ ದಿಟವಾದುದು. ವಾದಕನೂ ಸಭೆಯೂ ಇಬ್ಬರೂ ಸರಿಯಾಗಿರುವಾಗಲೇ ಇಂಥ ವ್ಯಾಜ್ಯ ಕಠಿನವಾಗುತ್ತದೆ. ಗದರಿಕೆಯು ದೀರ್ಘವನ್ನು ಹ್ರಸ್ವಮಾಡಬಲ್ಲುದು, ಅಷ್ಟೆ; ಹಿತಮಿತವನ್ನು ತರುವುದು ಮುಂಚಿತವಾಗಿ ಕುಳಿತು ಆಡಿಕೊಂಡ ಮಾತೇ ಹೊರತು ಬೇರೆಯಲ್ಲ.